ಸಾಕು ಎಂಬ ಮಾತು

ಸಾಯುವವರ ಬಾಯಿಗೆ ಅನ್ನ ಇಡದಿರುವುದು ಪಾಪವೇ? ನಮ್ಮ ಗಡಿನಾಡಿನ ಮನೆಗಳಲ್ಲಿ ಯಾರೂ ಇಷ್ಟು ನೇರವಾಗಿ ಕೇಳುವುದಿಲ್ಲ. 'ಎರಡು ದಿನದಿಂದ ಗಂಜಿ ಇಳಿಯುತ್ತಿಲ್ಲ, ಏನು ಮಾಡುವುದು?' ಎನ್ನುತ್ತಾರೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಪಂಚಾಯತಿನ ಪಾಲಿಯೇಟಿವ್ ದಾದಿಯ ಜೊತೆ ಕನ್ನಡ ಮನೆಗಳಿಗೆ ಮಾತು ದಾಟಿಸಲು ಹೋಗುತ್ತೇನೆ. ಗಂಜಿಗೆ ಎರಡೂ ಭಾಷೆಗಳಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು, ಅಲ್ಲಿ ತೊಡಕಿಲ್ಲ. ತೊಡಕಿರುವುದು 'ಸಾಕು' ಎಂಬಲ್ಲಿ. ನಾನು ಮಲಯಾಳದಲ್ಲಿ 'ಮದಿ' ಎಂದೊಡನೆ ದಾದಿಗೆ ನಿಲ್ಲಿಸಬೇಕೆಂದು ತಿಳಿಯುತ್ತದೆ. ಕನ್ನಡದಲ್ಲಿ ಅದೇ ಸಾಕು ತಡೆಯುವ ಮಾತೂ ಹೌದು, ಸಲಹುವ ಮಾತೂ ಹೌದು. ಸಾಕಿದ ತಾಯಿ ಸಾಕು ಎಂದರೆ ಮಗ ಯಾವುದನ್ನು ಕೇಳಿಸಿಕೊಳ್ಳಬೇಕು?

ಕೇರಳದಲ್ಲಿ ಈ ಶುಶ್ರೂಷೆ ಬೇರೂರಿದ್ದು 1993ರಲ್ಲಿ, ಕೋಝಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ, ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರಿಂದ. 2008ರಲ್ಲಿ ರಾಜ್ಯ ಸರಕಾರವೇ ನೀತಿಯೊಂದನ್ನು ಹೊರಡಿಸಿತು. ಆ ಪರಂಪರೆಯಲ್ಲಿ ಪಳಗಿದ ನಮ್ಮ ದಾದಿ ಹೇಳುವುದಿಷ್ಟು: ಕೊನೆಯ ದಿನಗಳಲ್ಲಿ ರೋಗಿ ಉಣ್ಣದ್ದರಿಂದ ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಉಣ್ಣುತ್ತಿಲ್ಲ. ಕರುಳಿನ ಚಲನೆ ನಿಧಾನವಾಗುತ್ತದೆ, ಹಸಿವು ತಾನಾಗಿ ಅಡಗುತ್ತದೆ. ನುಂಗುವ ಶಕ್ತಿಯಿಲ್ಲದವರಿಗೆ ಒತ್ತಾಯದಿಂದ ಹೊಯ್ದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಆಗ ಗ್ಲೂಕೋಸ್ ಏರಿಸಿದರೆ ಎಷ್ಟೋ ಬಾರಿ ಕೈಕಾಲು ಬಾತು ಗಂಟಲಿನ ಗೊರಗೊರ ಹೆಚ್ಚುವುದೇ ಹೊರತು ಆಯುಸ್ಸು ಹೆಚ್ಚುವುದಿಲ್ಲ. ಮರೆವಿನ ರೋಗ ಬಲಿತವರಿಗೆ ನಳಿಕೆಯಿಂದ ಉಣಿಸುವುದಕ್ಕಿಂತ ಅವರು ಬಯಸಿದಷ್ಟನ್ನೇ ಕೈಯಿಂದ ಉಣಿಸುವುದು ಮೇಲೆಂದು ವೈದ್ಯಶಾಸ್ತ್ರವೂ ಇಂದು ಹೇಳುತ್ತದೆ.

ಇಷ್ಟು ಕೇಳಿ 'ಹಾಗಾದರೆ ಅನ್ನ ನಿಲ್ಲಿಸಬಹುದು' ಎಂದು ಹಗುರವಾಗಿ ತೀರ್ಮಾನಿಸುವವರ ಬಗ್ಗೆಯೂ ನನಗೆ ಭಯವಿದೆ. ಬಾಯಿ ಹುಣ್ಣು, ಮಲಬದ್ಧತೆ, ವಾಕರಿಕೆ, ನೋವು ಇವುಗಳಿಂದಲೂ ಊಟ ಸೇರುವುದಿಲ್ಲ, ಇವಕ್ಕೆಲ್ಲ ಔಷಧವಿದೆ. ಮುದುಕರ ಊಟ ಯಾರಿಗೂ ಬೇಡದ ಕೆಲಸವಾದ ಮನೆಗಳಲ್ಲಿ 'ಅವರಿಗೇ ಬೇಡವಂತೆ' ಎನ್ನುವುದು ಬಹಳ ಸುಲಭ. ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನಿನ ಪಟ್ಟಿಯಲ್ಲಿರುವ, ಹಾಸಿಗೆ ಬಿಟ್ಟೇಳದ ಮಕ್ಕಳಿಗೆ ದಿನಕ್ಕೆ ಗಂಟೆಗಟ್ಟಲೆ ಕೂತು ಉಣಿಸುವ ತಾಯಂದಿರಿದ್ದಾರೆ. ಆ ಮಕ್ಕಳು ಸಾಯುತ್ತಿಲ್ಲ, ಬದುಕುತ್ತಿದ್ದಾರೆ. ಅಲ್ಲಿ ಒಂದೊಂದು ತುತ್ತೂ ಅವರ ಹಕ್ಕು. ಹಾಗಾಗಿ ಸಾಕು ಎಂಬುದನ್ನು ಒಪ್ಪುವ ಮೊದಲು ಅದನ್ನು ರೋಗಿ ಹೇಳುತ್ತಿದ್ದಾರೋ, ಉಣಿಸಿ ದಣಿದವರು ಹೇಳುತ್ತಿದ್ದಾರೋ ಎಂದು ವಿಚಾರಿಸಲೇಬೇಕು.

ಆದರೆ ಬಹುಪಾಲು ಮನೆಗಳಲ್ಲಿ ನಾನು ಕಂಡದ್ದು ಅಲಕ್ಷ್ಯವನ್ನಲ್ಲ, ಅಂಜಿಕೆಯನ್ನು. 'ಹಸಿದುಕೊಂಡೇ ಹೋದರು' ಎಂಬ ಮಾತು ಬರಬಾರದು. ಸತ್ತವರಿಗೂ ಎಲೆ ಹಾಕಿ ಬಡಿಸುವ, ಕಾಗೆ ಪಿಂಡ ಮುಟ್ಟದಿದ್ದರೆ ಏನು ಬಾಕಿಯಿತ್ತೋ ಎಂದು ತಳಮಳಿಸುವ ಜನ ನಾವು. ಆದಿತ್ಯವಾರ ಹಾರ್ಲಿಕ್ಸ್ ಬಾಟಲಿಯೊಂದಿಗೆ ಬರುವ ನೆಂಟರು 'ಏನೂ ಕೊಡುವುದಿಲ್ಲವೇ?' ಎಂದು ಕೇಳಿದರೆ ಹಗಲಿರುಳು ಶುಶ್ರೂಷೆ ಮಾಡಿದ ಸೊಸೆ ಕುಗ್ಗಿಹೋಗುತ್ತಾಳೆ. (ಇಂಥ ನೆಂಟರಿಗೆ ಒಂದು ರಾತ್ರಿ ಕಾವಲು ಕೂರಲು ಹೇಳಬೇಕು.) ಅದೇ ಸಂಪ್ರದಾಯ ಕೊನೆಗಳಿಗೆಯಲ್ಲಿ ಕೇಳುವುದು ಒಂದು ಚಮಚ ತುಳಸಿ ನೀರನ್ನು ಮಾತ್ರ. ನಮ್ಮ ಹಿರಿಯರಿಗೆ ಉಣಿಸುವುದಕ್ಕೂ ತುಟಿ ತೇವ ಮಾಡುವುದಕ್ಕೂ ಇರುವ ಅಂತರ ಗೊತ್ತಿತ್ತೆಂದೇ ನನ್ನ ನಂಬಿಕೆ.

ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವುದನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದೆ. ನಮ್ಮಲ್ಲಿ ಹಾಗೆ ಬರೆದಿಟ್ಟವರನ್ನು ನಾನು ಕಂಡಿಲ್ಲ. ಇಲ್ಲಿ ತೀರ್ಪಾಗುವುದು ಚಮಚದ ತುದಿಯಲ್ಲಿ. ರೋಗಿ ಮುಖ ತಿರುಗಿಸಿದಾಗ, ಹಲ್ಲು ಕಚ್ಚಿದಾಗ.

ಕಳೆದ ಮಳೆಗಾಲದಲ್ಲಿ ಒಂದು ಮನೆಯಲ್ಲಿ ದಾದಿಯ ಮಾತನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಮಗಳು ಗಂಜಿಯ ಬಟ್ಟಲನ್ನು ಬದಿಗಿಟ್ಟಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇನ್ನು ನನಗೆ ಕೆಲಸವೇ ಇಲ್ಲವೇ?' ಎಂದಳು. ದಾದಿ ಬೆರಳಿಗೆ ಮೆದು ಬಟ್ಟೆ ಸುತ್ತಿ, ನೀರಲ್ಲಿ ಅದ್ದಿ, ತಾಯಿಯ ಒಸಡು, ನಾಲಗೆ, ತುಟಿ ಒರೆಸುವುದನ್ನು ತೋರಿಸಿಕೊಟ್ಟರು. ಎಷ್ಟು ಹೊತ್ತಿಗೊಮ್ಮೆ ಎಂದು ಮಗಳು ಕೇಳಿದಳು. ಅರ್ಧ ಗಂಟೆಗೊಮ್ಮೆ, ರಾತ್ರಿ ಎಚ್ಚರವಾದಾಗಲೆಲ್ಲ ಎಂದು ದಾದಿ ಅಂದರು. ಅವಳು ಇನ್ನೊಂದು ಹಳೆಯ ಸೀರೆಯ ಚೂರು ಹರಿಯಲು ಒಳಗೆ ಹೋದಳು.