ಹಗಲಿನಲ್ಲಿ ಉರಿಯುವ ದೀಪ

ಜ್ಞಾನಸಾಧನಗಳಾದ ಪ್ರಮಾಣಗಳು ದೀಪದ ಬೆಳಕಿನಂತೆ ಸಿದ್ಧವಾಗುತ್ತವೆಯೆಂದ ನ್ಯಾಯಸೂತ್ರಕ್ಕೂ, ದೀಪದೊಳಗೆ ಕತ್ತಲೆಯೇ ಇಲ್ಲದಿರುವಾಗ ಅದು ತನ್ನನ್ನು ತಾನು ಬೆಳಗುವುದೆಂಬ ಮಾತಿಗೆ ಅರ್ಥವೇನೆಂದು ‘ಮೂಲಮಧ್ಯಮಕಕಾರಿಕೆ’ಯಲ್ಲಿ ಪ್ರಶ್ನಿಸಿದ ಬೌದ್ಧ ದಾರ್ಶನಿಕ ನಾಗಾರ್ಜುನನಿಗೂ ಎಷ್ಟೇ ವಿರೋಧವಿದ್ದರೂ, ದೀಪದ ಕಾರ್ಯವು ಕತ್ತಲೆಯನ್ನು ಕಳೆಯುವುದೆಂಬಲ್ಲಿ ಇಬ್ಬರಿಗೂ ಭೇದವಿರಲಿಲ್ಲ. ಕಳೆಯಬೇಕಾದ ಕತ್ತಲೆಯೇ ಇಲ್ಲದ ನಡುಹಗಲಿನಲ್ಲಿ ಉರಿಯುವ ದೀಪವಾದರೋ ಇಬ್ಬರ ವಾದಕ್ಕೂ ಹೊರಗಿನದು.

ಅಂಥ ದೀಪದ ಮಾತು ಎದ್ದದ್ದು ಕೊಯಮತ್ತೂರು ಸೀಮೆಯಲ್ಲಿ; ಅಲ್ಲಿ ದೇವಾಂಗರೂ ಒಕ್ಕಲಿಗರೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದಿದ್ದಾರೆ. ಅಂಥ ಮನೆಯೊಂದರಲ್ಲಿ, ಬೂದುಬಣ್ಣದ ಹಳೆಯ ಅಂಬಾಸಡರ್ ಕಾರಿಗೆ, ಹಗಲಿನಲ್ಲಿಯೂ ಉರಿಯುವ, ಅಂಗಡಿಯವರು ಡಿಆರ್‌ಎಲ್ ಎಂದು ಕರೆಯುವ ಎಲ್‌ಇಡಿ ದೀಪಗಳನ್ನು ಹಾಕಿಸುವ ಮಾತು ಬಂದಾಗ, ಸೂರ್ಯನಿರುವಾಗ ಈ ದೀಪ ಯಾರಿಗೆಂದು ಹಿರಿಯರು ಕೇಳಿದರು. ಪ್ರಶ್ನೆಯು ತೋರುವುದಕ್ಕಿಂತ ಆಳವಾದುದು.

ಅದಕ್ಕೆ ಉತ್ತರವನ್ನು ಪೊಳ್ಳಾಚಿಯಿಂದ ಉಡುಮಲೈಪೇಟೆಯ ಮೇಲೆ ಪಳನಿಗೆ ಹೋಗುವ ದಾರಿಯಲ್ಲಿ ಅರಸಬೇಕು. 1920ರಲ್ಲಿ ಉದ್ಯಮಿ ಜಿ. ಡಿ. ನಾಯುಡು ಅವರು ಒಂದೇ ಒಂದು ಬಸ್ಸಿನೊಡನೆ ತಮ್ಮ ಸಾರಿಗೆಯನ್ನು ಆರಂಭಿಸಿದ್ದು ಪೊಳ್ಳಾಚಿ–ಪಳನಿಗಳ ನಡುವೆಯೇ. ಮುರುಗನ ಹಬ್ಬವಾದ ತೈಪೂಸದ ದಿನಗಳಲ್ಲಿ ಕಾವಡಿ ಹೊತ್ತ ಪಾದಯಾತ್ರಿಗಳು ಇದೇ ಹಾದಿಯಲ್ಲಿ ಸಾಲುಸಾಲಾಗಿ ನಡೆಯುತ್ತಾರೆ. ಮರಗಳ ನೆರಳೂ ಬಿಸಿಲೂ ತುಂಡುತುಂಡಾಗಿ ಹರಡಿದ ಡಾಂಬರಿನ ಮೇಲೆ ಬೂದು ಕಾರು ಎದುರಿನಿಂದ ಬರುತ್ತಿದ್ದರೆ, ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಹಗಲುದೀಪವು ಕಳೆಯುವ ಕತ್ತಲೆ ಇದೇ: ಆಕಾಶದ್ದಲ್ಲ, ಇನ್ನೊಬ್ಬನ ಅವಧಾನದೊಳಗಿನದು. ಮಹಾಭಾರತದ ಉದ್ಯೋಗಪರ್ವದಲ್ಲಿ ಸನತ್ಸುಜಾತನು ಪ್ರಮಾದವನ್ನೇ, ಎಂದರೆ ಅನವಧಾನವನ್ನೇ, ಮೃತ್ಯುವೆಂದದ್ದು ಮೋಕ್ಷದ ಪ್ರಸಂಗದಲ್ಲಾದರೂ, ರಸ್ತೆಯ ಮೇಲೆ ಆ ಮಾತು ಅಕ್ಷರಶಃ ನಿಜವಾಗುತ್ತದೆ. ಚಳಿಗಾಲದ ಮಬ್ಬನ್ನು ಬಲ್ಲ ಫಿನ್‌ಲೆಂಡ್ 1972ರಲ್ಲಿಯೂ ಸ್ವೀಡನ್ 1977ರಲ್ಲಿಯೂ ಹಗಲಿನ ದೀಪವನ್ನು ವಿಧಿಸಿದವು. ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಿಗೆ ಆ ನಿಯಮ ಬಂದದ್ದು 2017ರ ಏಪ್ರಿಲಿನಲ್ಲಿ.

ಪರರ ಅನವಧಾನದ ಭಾರವನ್ನು ನಾನೇಕೆ ಹೊರಬೇಕು ಎನ್ನಬಹುದು. ಹೊರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸನ್ಯಾಸವನ್ನು ಸ್ವೀಕರಿಸುವವನು ಸರ್ವಭೂತಗಳಿಗೂ ಅಭಯವನ್ನು ಕೊಟ್ಟು ಹೊರಡುತ್ತಾನೆ. ಟನ್ನಿಗೂ ಮಿಕ್ಕ ಉಕ್ಕನ್ನು ಓಡಿಸುವ ಗೃಹಸ್ಥನಿಗೆ, ಭಯವನ್ನು ಹುಟ್ಟಿಸುವ ಶಕ್ತಿ ಆ ಸನ್ಯಾಸಿಗಿಂತ ಎಷ್ಟೋ ಹೆಚ್ಚಾಗಿರುವುದರಿಂದ, ಅಭಯವನ್ನು ಕೊಡುವ ಹೊಣೆಯೂ ಅಷ್ಟೇ ಹೆಚ್ಚು. ನಾನು ಇಲ್ಲಿದ್ದೇನೆ, ಬರುತ್ತಿದ್ದೇನೆ ಎಂದು ಮುಂಚಿತವಾಗಿ ತಿಳಿಸುವುದು ಆ ದಾನದ ಮೊದಲ ಅಂಶ.

ಆದರೆ ಅದೇ ಬೆಳಕು ಹದ ಮೀರಿದರೆ, ದಾರಿ ಬಿಡೆಂಬ ಗದರಿಕೆಯಾಗುತ್ತದೆ. ಅಂತರರಾಷ್ಟ್ರೀಯ ನಿಯಮವು ಈ ದೀಪಕ್ಕೆ 400 ಕ್ಯಾಂಡೆಲಾದಿಂದ 1200 ಕ್ಯಾಂಡೆಲಾದವರೆಗಿನ ಮಿತಿಯನ್ನು ಇಟ್ಟು, ಹೆಡ್‌ಲೈಟ್ ಹೊತ್ತಿದೊಡನೆ ಇದು ಆರತಕ್ಕದ್ದೆಂದು ವಿಧಿಸಿರುವುದರಲ್ಲಿ ನನಗೆ ಯಂತ್ರಶಾಸ್ತ್ರಕ್ಕಿಂತ ಧರ್ಮಶಾಸ್ತ್ರವೇ ಹೆಚ್ಚಾಗಿ ಕಾಣುತ್ತದೆ. ಆದುದರಿಂದ ಮೆಕ್ಯಾನಿಕ್ಕನಿಗೆ ಹೇಳಬೇಕಾದುದು ಇಷ್ಟು: ತಂತಿಯನ್ನು ಇಗ್ನಿಷನ್ನಿನಿಂದ ಫ್ಯೂಸಿನ ಮೂಲಕ ತರಲಿ, ಹೆಡ್‌ಲೈಟಿಗೆ ಮಣಿಯುವಂತೆ ರಿಲೇ ಹಾಕಲಿ; ನೀಲಿಯೂ ಬೇಡ, ಮಿನುಗುವುದೂ ಬೇಡ, ಸೌಮ್ಯವಾದ ಬಿಳುಪೊಂದೇ ಸಾಕು.

ಹಳೆಯ ಕಾರಿಗೆ ಹೊಸ ಅಂಗವನ್ನು ಸೇರಿಸಿದರೆ ಅದರ ಸ್ವರೂಪ ಕೆಡುವುದೆಂಬ ಆಕ್ಷೇಪಕ್ಕೆ ದೀರ್ಘವಾದ ಸಮಾಧಾನ ಅನವಶ್ಯಕ. ಆಗಮಗಳು ಜೀರ್ಣೋದ್ಧಾರವನ್ನು ವಿಧಿಸಿವೆ. ದೇವರನ್ನು ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿರಿಸಿ ಗುಡಿಯ ಕಲ್ಲುಗಾರೆಗಳನ್ನು ಹೊಸತಾಗಿಸಿದರೂ ಕೊಯಮತ್ತೂರಿನ ಬಳಿಯ ಪೇರೂರಿನ ಪಟ್ಟೀಶ್ವರನು ಪಟ್ಟೀಶ್ವರನೇ.

ಇಷ್ಟಾದರೂ ಈ ದೀಪದ ಅಭಯಕ್ಕೆ ಒಂದು ಮೇರೆಯಿದೆ. ಪಳನಿಗೆ ನಡೆಯುವವರಲ್ಲಿ ಬಹುಮಂದಿ ರಸ್ತೆಯ ಎಡಮಗ್ಗುಲನ್ನು ಹಿಡಿದು, ಹಿಂದಿನಿಂದ ಬರುವ ವಾಹನಗಳಿಗೆ ಬೆನ್ನುಮಾಡಿ ನಡೆಯುತ್ತಾರೆ. ಎದುರಿನವನಿಗೂ ಅಡ್ಡದಾರಿಯಲ್ಲಿ ಕಾದುನಿಂತವನಿಗೂ ಒದಗುವ ಈ ಬೆಳಕು ಅವರಿಗೆ ಒದಗದು. ಅವರ ಬೆನ್ನಹಿಂದೆ ಬರುವಾಗ, ದೀಪವಿದೆಯೆಂಬ ನಂಬಿಕೆಯಿಂದ ವೇಗವನ್ನು ಹಾಗೆಯೇ ಇಟ್ಟುಕೊಳ್ಳದೆ, ಗೇರಿಳಿಸಿ, ಬ್ರೇಕಿನ ಮೇಲೆ ಕಾಲಿಟ್ಟು, ಅವರ ನಡಿಗೆಯ ವೇಗಕ್ಕೆ ಸಮೀಪವಾಗಿ ಸಾಗಬೇಕಾದುದು ಚಾಲಕನ ಪಾಲಿಗೆ ಉಳಿದೇ ಇರುತ್ತದೆ.