ಹೊಸ್ತಿಲಿನ ಕೆಳಗಿನ ಮನಸ್ಸು

ತನ್ನ ಮನಸ್ಸನ್ನು ತಾನು ಬಲ್ಲೆನೆಂಬುದು ಪ್ರತಿಯೊಬ್ಬ ಮನುಷ್ಯನ ನಂಬಿಕೆ. ನೆರೆಯವನ ಅಂತರಂಗವು ಕತ್ತಲೆಯ ಕೋಣೆಯಾಗಿರಬಹುದು. ತನ್ನ ಅಂತರಂಗವಾದರೋ ತನಗೆ ಹಗಲಿನಂತೆ ಸ್ಪಷ್ಟವೆಂದೇ ಅವನು ತಿಳಿದಿರುತ್ತಾನೆ. “ನನ್ನಲ್ಲಿ ಮೇಲು ಕೀಳೆಂಬ ಭಾವವಿಲ್ಲ” ಎಂದು ಹೇಳುವ ಸಜ್ಜನನು ಸುಳ್ಳಾಡುತ್ತಿಲ್ಲ. ಅವನು ಒಳಗೆ ಇಣಿಕಿ ನೋಡಿದ್ದಾನೆ. ಅಲ್ಲಿ ಅಂಥದೇನೂ ಅವನಿಗೆ ಕಂಡಿಲ್ಲ. ಆದರೆ ಕಾಣದಿರುವುದೂ ಇಲ್ಲದಿರುವುದೂ ಒಂದೆಯೇ? ತನಗೇ ಕಾಣದ ಭಾವವೊಂದು ತನ್ನೊಳಗಿದ್ದರೆ ಅದಕ್ಕೆ ಮನುಷ್ಯನು ಹೊಣೆಯಾಗುವನೇ? ಪ್ರಶ್ನೆ ಹಳೆಯದು. ಅದಕ್ಕೆ ಹೊಸದೊಂದು ರೂಪವು ದೊರೆತದ್ದು ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗಶಾಲೆಗಳಲ್ಲಿ.

ಆ ದೇಶದಲ್ಲಿ 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆಯಾಯಿತು. ಕಪ್ಪು ವರ್ಣದವರೂ ತಮಗೆ ಸಮಾನರೆಂದು ಹೇಳುವ ಬಿಳಿಯರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಬಂದಿತು. ಆದರೂ ಉದ್ಯೋಗದಲ್ಲಿ, ವಸತಿಯಲ್ಲಿ ಭೇದವು ಅಳಿಯಲಿಲ್ಲ. ನುಡಿ ಒಂದಾಗಿ ನಡೆ ಮತ್ತೊಂದಾದಾಗ ಎರಡು ಕಾರಣಗಳನ್ನು ಊಹಿಸಬಹುದು. ಹೇಳುವವರು ಮರೆಮಾಚುತ್ತಿರಬಹುದು, ಇಲ್ಲವೆ ತಮ್ಮನ್ನು ತಾವೇ ಅರಿಯದಿರಬಹುದು. ಎರಡರಲ್ಲಿ ಯಾವುದೇ ಆದರೂ ಅವರನ್ನೇ ಪ್ರಶ್ನಿಸುವುದರಿಂದ ಪ್ರಯೋಜನವಿಲ್ಲ. ಆದುದರಿಂದ ಸಂಶೋಧಕರು ಪ್ರಶ್ನಿಸದೆಯೇ ಅಳೆಯುವ ಮಾರ್ಗವನ್ನು ಹುಡುಕಿದರು.

1986ರಲ್ಲಿ ರಸೆಲ್ ಫಾಜಿಯೊ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಪ್ರಕಟಿಸಿದ ಮಾರ್ಗವು ಹೀಗಿದೆ. ಪರದೆಯ ಮೇಲೆ ಮೊದಲು ಒಂದು ವಸ್ತುವಿನ ಹೆಸರು ಕ್ಷಣಕಾಲ ತೋರುತ್ತದೆ. ಒಡನೆಯೇ ಒಂದು ಗುಣವಾಚಕವು ಬರುತ್ತದೆ. ಆ ಗುಣವು ಒಳ್ಳೆಯದೋ ಕೆಟ್ಟದೋ ಎಂಬುದನ್ನು ಗುಂಡಿಯನ್ನೊತ್ತಿ ತಿಳಿಸಬೇಕು. ಜಿರಲೆಯ ಹೆಸರನ್ನು ಕಂಡವನು ‘ಅಸಹ್ಯ’ವೆಂಬುದನ್ನು ಕೆಟ್ಟದೆಂದು ಬೇಗ ಗುರುತಿಸುತ್ತಾನೆ, ‘ಮನೋಹರ’ವೆಂಬುದನ್ನು ಒಳ್ಳೆಯದೆಂದು ಗುರುತಿಸಲು ತುಸು ತಡೆಯುತ್ತಾನೆ. ಮೊದಲ ಹೆಸರು ಎಬ್ಬಿಸಿದ ಭಾವವು ಎರಡನೆಯದಕ್ಕೆ ದಾರಿ ಬಿಡುತ್ತದೆ, ಅಥವಾ ಅಡ್ಡ ನಿಲ್ಲುತ್ತದೆ. ಇದನ್ನು ಪೂರ್ವಪ್ರಚೋದನೆಯೆಂದು ಕರೆಯಬಹುದು. ಮೊದಲನೆಯದು ತೋರಿದ ಬಳಿಕ ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನೊಳಗೆ ಎರಡನೆಯದು ಬಂದಾಗ ಈ ಪರಿಣಾಮವು ಕಂಡಿತು. ಒಂದು ಪೂರ್ಣ ಸೆಕೆಂಡು ಕಳೆದು ಬಂದಾಗ ಕಾಣಲಿಲ್ಲ. ಆಲೋಚಿಸಿ ತಂದ ಭಾವವಿದಲ್ಲ, ಆಲೋಚನೆಗೆ ಮುಂಚೆಯೇ ತಾನಾಗಿ ಏಳುವ ಭಾವವೆಂದು ಅವರು ಇದರಿಂದ ತರ್ಕಿಸಿದರು.

1995ರಲ್ಲಿ ಅವರೇ ವಸ್ತುಗಳ ಹೆಸರಿನ ಸ್ಥಾನದಲ್ಲಿ ಬಿಳಿಯರ ಮತ್ತು ಕಪ್ಪು ವರ್ಣದವರ ಮುಖಚಿತ್ರಗಳನ್ನಿಟ್ಟರು. ಪರೀಕ್ಷೆ ಮುಗಿದ ಮೇಲೆ ಕಪ್ಪು ವರ್ಣದ ಮಹಿಳೆಯೊಬ್ಬಳು ಬಂದು ಪ್ರತಿಯೊಬ್ಬರೊಡನೆ ಮಾತನಾಡಿ, ಅವರು ಎಷ್ಟು ಸ್ನೇಹದಿಂದ ನಡೆದುಕೊಂಡರೆಂಬುದನ್ನು ಬರೆದಿಟ್ಟಳು. ಅವಳ ಬರೆಹವು ಗುಂಡಿಯ ಅಳತೆಯೊಡನೆ ಹೊಂದಿಕೊಂಡಿತು. ಅವರು ಪ್ರಶ್ನಾವಳಿಯಲ್ಲಿ ತಮ್ಮ ಬಗೆಗೆ ತಾವೇ ಹೇಳಿಕೊಂಡುದರೊಡನೆ ಹೊಂದಲಿಲ್ಲ.

ಅಲ್ಲಿ ಮುಖಗಳಾದರೂ ಕಣ್ಣಿಗೆ ಕಾಣುತ್ತಿದ್ದುವು. ಅರಿವಿನ ಹೊಸ್ತಿಲಿನ ಕೆಳಗೇ ಉಳಿಯುವ ಪ್ರಚೋದನೆಗಳೂ ಉಂಟು. ಒಂದು ಪದವನ್ನು ಅತ್ಯಲ್ಪ ಕಾಲ ತೋರಿಸಿ, ಅದೇ ಸ್ಥಳದಲ್ಲಿ ಅರ್ಥವಿಲ್ಲದ ಅಕ್ಷರಗಳ ತೆರೆಯನ್ನು ಹಾಕಿದರೆ, ನೋಡಿದವನು ತಾನೇನನ್ನೂ ಓದಲಿಲ್ಲವೆನ್ನುತ್ತಾನೆ. ಆದರೂ ಅದರ ಅರ್ಥವು ಒಳಗೆ ತನ್ನ ಕೆಲಸವನ್ನು ಮಾಡಿರುತ್ತದೆ. 1989ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪೆಟ್ರೀಷಿಯಾ ಡಿವೈನ್ ಎಂಬ ವಿದುಷಿಯು ಪ್ರಕಟಿಸಿದ ಪ್ರಯೋಗವು ಇಂಥದು. ಕಪ್ಪು ವರ್ಣದವರ ಬಗೆಗೆ ಸಮಾಜದಲ್ಲಿ ರೂಢವಾಗಿದ್ದ ಕಲ್ಪನೆಗಳಿಗೆ ಸಂಬಂಧಿಸಿದ ಪದಗಳನ್ನು ಬಿಳಿಯ ವಿದ್ಯಾರ್ಥಿಗಳ ನೋಟದ ಅಂಚಿನಲ್ಲಿ, ಸೆಕೆಂಡಿನ ಸಾವಿರ ಪಾಲಿನಲ್ಲಿ 80 ಪಾಲು ಕಾಲ ಮಾತ್ರ, ಮಿಂಚಿಸಲಾಯಿತು. ಒಂದು ತಂಡಕ್ಕೆ ನೂರರಲ್ಲಿ 80 ಪದಗಳು ಅಂಥವು. ಇನ್ನೊಂದಕ್ಕೆ 20 ಮಾತ್ರ. ಬಳಿಕ ಡೊನಾಲ್ಡ್ ಎಂಬ ಕಲ್ಪಿತ ವ್ಯಕ್ತಿಯ ವೃತ್ತಾಂತವನ್ನು ಓದಲು ಕೊಟ್ಟರು. ಮನೆಗೆ ಬಣ್ಣ ಹೊಡೆಸುವವರೆಗೆ ಬಾಡಿಗೆ ಕೊಡೆನೆನ್ನುವ ಮನುಷ್ಯ ಅವನು. ಅವನ ನಡತೆಯನ್ನು ನ್ಯಾಯದ ಹಟವೆಂದೂ ಹೇಳಬಹುದು, ಜಗಳಗಂಟಿತನವೆಂದೂ ಹೇಳಬಹುದು. ಅವನು ಯಾವ ವರ್ಣದವನೆಂಬುದನ್ನು ತಿಳಿಸಿರಲಿಲ್ಲ. 80 ಪದಗಳ ತಂಡದವರು ಅವನನ್ನು ಹೆಚ್ಚು ಜಗಳಗಂಟನೆಂದು ಎಣಿಸಿದರು. ವಿಸ್ಮಯಕರವಾದ ಸಂಗತಿಯೆಂದರೆ, ಪೂರ್ವಗ್ರಹವುಳ್ಳವರೆಂದು ಮೊದಲೇ ಗುರುತಿಸಲ್ಪಟ್ಟವರಲ್ಲಿಯೂ ಅದಿಲ್ಲದವರಲ್ಲಿಯೂ ಫಲವು ಒಂದೇ ಆಯಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: “ಹಾಗಾದರೆ ಎಲ್ಲರೂ ಡಾಂಭಿಕರೇ. ಹೊರಗಿನ ಸಮಾನತೆಯ ಮಾತು ಬಣ್ಣ. ಒಳಗೆ ಅಡಗಿರುವುದೇ ನಿಜವಾದ ಮನುಷ್ಯ.” ಈ ವಾದವು ಗಂಭೀರವಾಗಿ ತೋರಿದರೂ ವಿಚಾರಕ್ಕೆ ನಿಲ್ಲುವುದಿಲ್ಲ. ಅಡಗಿರುವುದು ಎಂಬ ಮಾತ್ರಕ್ಕೆ ಒಂದು ಭಾವವು ಹೆಚ್ಚು ನಿಜವಾಗುವುದೇಕೆ? ಹಿರಿಯರ ಮಾತಿನಿಂದ, ಚಲಚ್ಚಿತ್ರದಿಂದ, ವೃತ್ತಪತ್ರಿಕೆಯಿಂದ, ಬೀದಿಯ ಹರಟೆಯಿಂದ ಬಾಲ್ಯದಲ್ಲಿಯೇ ಬಿದ್ದ ಸಂಸ್ಕಾರವದು. ಅದನ್ನು ಅವನು ಬೇಡಿ ಪಡೆದುದಿಲ್ಲ. ಊಟವಾದ ಮೇಲೆ ಹೊಗೆಸೊಪ್ಪು ಹಾಕುವ ಚಟವನ್ನು ಬಿಟ್ಟವನ ಕೈಯು ಹಳೆಯ ರೂಢಿಯಿಂದ ಸಂಚಿಯ ಕಡೆಗೆ ತಾನೇ ಹೋಗುತ್ತದೆ. ಅವನು ಎಚ್ಚೆತ್ತು ಕೈಯನ್ನು ಹಿಂತೆಗೆಯುತ್ತಾನೆ. ಹೋದ ಕೈಯೂ ಅವನದೇ, ಹಿಂತೆಗೆದ ಸಂಕಲ್ಪವೂ ಅವನದೇ. ಆದರೆ ಅವನು ಆರಿಸಿಕೊಂಡುದು ಸಂಕಲ್ಪವನ್ನು. ಡಿವೈನ್ ಅವರ ಸಿದ್ಧಾಂತವೂ ಇದೇ: ಪೂರ್ವಗ್ರಹವನ್ನು ತೊರೆಯುವುದು ಕೆಟ್ಟ ಅಭ್ಯಾಸವೊಂದನ್ನು ಮುರಿಯುವಂತೆ. ತಮ್ಮ ವಿಚಾರಗಳನ್ನು ಬರೆಯಲು ಸಾವಕಾಶ ಕೊಟ್ಟಾಗ ಪೂರ್ವಗ್ರಹವಿಲ್ಲದವರು ರೂಢಿಯ ಕಲ್ಪನೆಗಳನ್ನು ಬದಿಗೊತ್ತಿ ಸಮಾನತೆಯನ್ನೇ ಬರೆದರು. ಭೇದವು ಕಂಡದ್ದು ಅಲ್ಲಿ.

ಎರಡನೆಯ ಪೂರ್ವಪಕ್ಷವು ಇದಕ್ಕೆ ವಿರುದ್ಧವಾದುದು: “ಬೇಡಿ ಪಡೆಯದ ಭಾವಕ್ಕೆ ಹೊಣೆಯೆಲ್ಲಿಯದು? ತಾನಾಗಿ ಏಳುವುದು ಏಳಲಿ.” ಇದು ಮೊದಲನೆಯದಕ್ಕಿಂತ ಅಪಾಯಕರ. ಏಳುವ ಭಾವಕ್ಕೆ ಅವನು ಹೊಣೆಯಲ್ಲವೆಂಬುದು ನಿಜ. ಆದರೆ ಏಳುತ್ತದೆಂದು ತಿಳಿದ ಮೇಲೆ ಅದಕ್ಕೆ ಕಾವಲಿಡದಿದ್ದರೆ ಹೊಣೆಯು ಅವನದೇ. ಡೊನಾಲ್ಡನ ವೃತ್ತಾಂತವು ಕಲಿಸುವುದಿಷ್ಟು: ನಡತೆಯು ಎರಡರ್ಥಕ್ಕೆ ಎಡೆಗೊಡುವಾಗಲೇ ಸಂಸ್ಕಾರವು ತಕ್ಕಡಿಯನ್ನು ವಾಲಿಸುತ್ತದೆ. ನ್ಯಾಯಾಧೀಶನು, ಉಪಾಧ್ಯಾಯನು, ಕೆಲಸ ಕೊಡುವ ಯಜಮಾನನು ದಿನವೂ ತೂಗುವುದು ಇಂಥ ಸಂದಿಗ್ಧಗಳನ್ನೇ. ಪರೀಕ್ಷಕನಿಗೆ ಹೋಗುವ ಉತ್ತರಪತ್ರಿಕೆಯಲ್ಲಿ ಹೆಸರಿನ ಬದಲು ಸಂಖ್ಯೆಯನ್ನಿಡುವುದು ಪರೀಕ್ಷಕನಿಗೆ ಅವಮಾನವಲ್ಲ. ಮನಸ್ಸಿನ ದೌರ್ಬಲ್ಯವನ್ನು ಬಲ್ಲವರು ನ್ಯಾಯಕ್ಕೆ ಕಟ್ಟಿದ ಬೇಲಿ.

ಸಂಸ್ಕಾರವು ಎಲ್ಲರಲ್ಲಿಯೂ ಸಮಾನವೆಂಬುದೂ ಕೊನೆಯ ಮಾತಲ್ಲ. 1997ರಲ್ಲಿ ಇಂಗ್ಲೆಂಡಿನಲ್ಲಿ ಲೆಪೋರೆ ಮತ್ತು ಬ್ರೌನ್ ಎಂಬವರು ಕೆಟ್ಟ ಅರ್ಥದ ಪದಗಳನ್ನು ಬಿಟ್ಟು, ಜನಾಂಗವನ್ನು ಸೂಚಿಸುವ ಪದಗಳನ್ನು ಮಾತ್ರ ಮಿಂಚಿಸಿದರು. ಆಗ ಪೂರ್ವಗ್ರಹವುಳ್ಳವರೂ ಇಲ್ಲದವರೂ ಬೇರೆ ಬೇರೆಯಾಗಿಯೇ ತೀರ್ಪು ಕೊಟ್ಟರು. ಮನುಷ್ಯನು ನಂಬಿ ನಡೆದುದು ಅವನ ಅರಿವಿನ ತಳಕ್ಕೂ ಇಳಿಯಬಲ್ಲುದೆಂಬ ಭರವಸೆಗೆ ಇದು ಎಡೆಗೊಡುತ್ತದೆ.

ಈ ಅಳತೆಗೋಲನ್ನೂ ಅತಿಯಾಗಿ ನಂಬಲಾಗದು. 1957ರಲ್ಲಿ ಜೇಮ್ಸ್ ವಿಕರಿಯೆಂಬ ವ್ಯಾಪಾರ ಸಂಶೋಧಕನು ಚಿತ್ರಮಂದಿರದಲ್ಲಿ ಕಾಣದ ಸಂದೇಶಗಳನ್ನು ಮಿಂಚಿಸಿ ತಿಂಡಿಯ ಮಾರಾಟವನ್ನು ಹೆಚ್ಚಿಸಿದೆನೆಂದು ಜಗತ್ತನ್ನೇ ಬೆಚ್ಚಿಸಿದನು; 1962ರಲ್ಲಿ ಅದು ಬರಿಯ ತಂತ್ರವೆಂದು ತಾನೇ ಒಪ್ಪಿಕೊಂಡನು. ವೃದ್ಧಾಪ್ಯವನ್ನು ನೆನಪಿಸುವ ಪದಗಳನ್ನು ಕಂಡವರು ನಿಧಾನವಾಗಿ ನಡೆದರೆಂಬ 1996ರ ಪ್ರಸಿದ್ಧ ಫಲವು 2012ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರಿಗೆ ದೊರೆಯಲಿಲ್ಲ. ಒಬ್ಬನನ್ನೇ ಎರಡು ಸಲ ಅಳೆದರೆ ಎರಡು ಫಲ ಬರುವುದೂ ಉಂಟು. ಆದುದರಿಂದ ಒಬ್ಬ ವ್ಯಕ್ತಿಯನ್ನು ಹಿಡಿದು ಇವನು ಶುದ್ಧ, ಇವನು ಅಶುದ್ಧನೆಂದು ಮುದ್ರೆಯೊತ್ತುವ ಅಧಿಕಾರವು ಈ ಯಂತ್ರಕ್ಕಿಲ್ಲ. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದವರು ಕಂಡುಕೊಂಡ ವಿಷಯವು ಇನ್ನೂ ಮನನೀಯ: ಅವ್ಯಕ್ತಭಾವದ ಅಳತೆಯನ್ನು ಉಪಾಯಗಳಿಂದ ತುಸು ಬದಲಿಸಬಹುದು, ಆದರೆ ಆ ಬದಲಾವಣೆಯಿಂದ ನಡತೆಯೂ ಬದಲಾಗುವುದೆಂಬುದಕ್ಕೆ ಆಧಾರವು ದೊರೆಯಲಿಲ್ಲ. ಯಂತ್ರದ ಅಂಕವನ್ನು ತಿದ್ದಿದರೆ ಮನುಷ್ಯನನ್ನು ತಿದ್ದಿದಂತಾಗದು.

ಇದು ದೂರದೇಶದ ವರ್ಣಭೇದದ ಮಾತಷ್ಟೇ ಅಲ್ಲ. ಮನುಷ್ಯನನ್ನು ಅವನ ಹುಟ್ಟಿನಿಂದ ಅಳೆಯುವ ರೂಢಿಯಿರುವ ಎಡೆಯಲ್ಲೆಲ್ಲ ಇದು ಅನ್ವಯಿಸುವ ಮಾತು. ಬಾಗಿಲಿಗೆ ಬಂದವನ ಹೆಸರು ಕೇಳಿದೊಡನೆ ಒಳಗೆ ಏನೋ ಒಂದು ಅಲುಗಿದರೆ, ಅದನ್ನು ಕಂಡು ಗೃಹಸ್ಥನು ತನ್ನನ್ನು ಪಾಪಿಯೆಂದು ಹಳಿದುಕೊಳ್ಳಬೇಕಾಗಿಲ್ಲ. ಅಲುಗಲೇ ಇಲ್ಲವೆಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲೂಬಾರದು. ಅಲುಗಿದ್ದನ್ನು ಅರಿತು, ಬಂದವನಿಗೆ ಇತರರಿಗೆ ಕೊಡುವ ಆಸನವನ್ನೇ ಕೊಟ್ಟು, ಅವನ ಮಾತನ್ನು ಪೂರ್ತಿಯಾಗಿ ಕೇಳಿದರೆ ಆ ದಿನದ ಹೊಣೆಯು ಸಂದಿತು. ನಾಳೆ ಅದು ಮತ್ತೆ ಅಲುಗೀತು. ನಾಳೆಯೂ ಹಾಗೆಯೇ ಆಸನವನ್ನಿಡಬೇಕು.