ದಾರಿಯ ಗಂಟೆಗಳು ಯಾರ ಲೆಕ್ಕಕ್ಕೆ?

ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ಇದೊಂದಾದರೂ ಧಣಿಗೂ ಜೀತದವನಿಗೂ ಸಮನಾಗಿ ಹಂಚಿಕೆಯಾಗಿದೆ ಎಂದು ನಮಗೆ ಪಾಠ ಹೇಳಿದರು. ಈ ಪಾಠ ಸುಳ್ಳು. ನಂಬದವರು ಬೆನ್ಸನ್ ಟೌನಿನ ಪಕ್ಕದ ದಂಡು ರೈಲ್ವೆ ಸ್ಟೇಷನ್ನಿಗೆ ಬೆಳಿಗ್ಗೆ ಹೋಗಿ ನೋಡಬಹುದು.

ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ರೈಲುಗಳು ಅಲ್ಲಿ ಜನರನ್ನು ಸುರಿದು ಹೋಗ್ತವೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ನಮ್ಮವರು, ದಲಿತರು. ಅವರ ಮಕ್ಕಳು ಹೊಟ್ಟೆಪಾಡಿಗೆ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನಾ ಬಂದು ಹೋಗ್ತಾರೆ. ಬರೋಕೆ ಎರಡು ಗಂಟೆಯ ಮೇಲೆ, ಹೋಗೋಕೆ ಅಷ್ಟೇ. ಆಫೀಸು, ಆಸ್ಪತ್ರೆ, ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿ ಅವರು ಗುತ್ತಿಗೆಯ ಕಾವಲಿನವರು, ನೆಲ ಒರೆಸುವವರು. ಅಪ್ಪ ಭೂಮಿಯ ಹೊಟ್ಟೆಯಿಂದ ಚಿನ್ನ ತೆಗೆದ. ಮಗಳು ಚಿನ್ನ ಅಡವಿಟ್ಟುಕೊಳ್ಳುವ ಬ್ಯಾಂಕಿನಲ್ಲಿ ಪೊರಕೆ ಹಿಡಿದಳು. ಗಿರಾಕಿ ಬರುವ ಮೊದಲು ನೆಲ ಹೊಳೆಯಬೇಕು. ಅದಕ್ಕಾಗಿ ಅವಳು ಕತ್ತಲಲ್ಲೇ ಮನೆ ಬಿಡಬೇಕು. ಆದರೆ ಕೂಲಿಯ ಗಡಿಯಾರ ಓಡುವುದು ಹಾಜರಿ ಬಿದ್ದ ಮೇಲೆ.

ಹಾಗಾದರೆ ದಾರಿಯಲ್ಲಿ ಕಳೆದ ನಾಲ್ಕೈದು ಗಂಟೆ ಯಾರದು? ಅದು ಅವಳದಲ್ಲ, ಆ ಹೊತ್ತಿನಲ್ಲಿ ಮಗುವಿಗೆ ಅನ್ನ ಕಲಸಿ ಕೊಡಲಾರಳು, ನಿದ್ದೆ ಮಾಡಲಾರಳು. ಬ್ಯಾಂಕು ತನ್ನದಲ್ಲ ಅನ್ನುತ್ತೆ. ಗುತ್ತಿಗೆದಾರನೂ ತನ್ನದಲ್ಲ ಅಂತಾನೆ. ಯಾರದೂ ಅಲ್ಲದ ಗಂಟೆಗಳು ಬಡವರ ಮೈಯಿಂದಲೇ ಯಾಕೆ ಕಳಚಿಕೊಳ್ಳುತ್ತವೆ?

“ದೂರ ಇರೋದು ನಿಮ್ಮ ಇಷ್ಟ, ಅದಕ್ಕೆ ನಾವೇನು ಮಾಡೋಣ?” ಎಂದು ಕೇಳುವವರಿದ್ದಾರೆ. ಹೊಲಗೇರಿ ಊರಾಚೆ ಇದ್ದದ್ದು ನಮ್ಮ ಅಜ್ಜಂದಿರ ಇಷ್ಟವೇ? 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. ಬಂಗಲೆಗಳೆದ್ದವು, ಬಂಗಲೆಯ ಹಿಂದೆ ಆಳುಗಳ ಕೋಣೆಗಳೆದ್ದವು. ಆ ಕೋಣೆಯಲ್ಲಿ ಆಳಿನ ರಾತ್ರಿಯೂ ದೊರೆಯದ್ದೇ ಆಗಿತ್ತು. ಈಗ ಆ ಕೋಣೆ ಇಲ್ಲ, ಸುತ್ತಲಿನ ಬಾಡಿಗೆ ಅವರ ಸಂಬಳವನ್ನೇ ನುಂಗುತ್ತೆ. ಊರಿಗೂ ಕೇರಿಗೂ ನಡುವೆ ಇದ್ದ ಮಾರು ಲೆಕ್ಕದ ದೂರ ಈಗ ರೈಲಿನ ಲೆಕ್ಕಕ್ಕೆ ಬೆಳೆದಿದೆ. ಅವರ ದುಡಿಮೆ ಒಳಗೆ ಬೇಕು, ಅವರು ಹೊರಗೇ ಇರಬೇಕು.

ಕಾನೂನು ಏನು ಮಾಡಿತು? ಕಾರ್ಮಿಕ ಕಾನೂನಿನಲ್ಲಿ ಕೇಂದ್ರದ ವ್ಯಾಪ್ತಿಗೆ ಬರುವ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸುವ, ಒರೆಸುವ, ಕಾವಲು ಕಾಯುವ ಕೆಲಸಕ್ಕೆ ಗುತ್ತಿಗೆ ಕೂಡದೆಂದು 1976ರಲ್ಲಿ ಅಧಿಸೂಚನೆ ಹೊರಟಿತು. ಇವತ್ತು ಬ್ಯಾಂಕುಗಳೂ ಆ ವ್ಯಾಪ್ತಿಯವೇ. ನಿಷೇಧವಿರುವ ಕಡೆ ಗುತ್ತಿಗೆಯವರನ್ನು ಸಂಸ್ಥೆಯೇ ನೌಕರರನ್ನಾಗಿ ತೆಗೆದುಕೊಳ್ಳಬೇಕೆಂದು 1996ರ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2001ರ ಆಗಸ್ಟಿನಲ್ಲಿ ಅದೇ ಕೋರ್ಟಿನ ಐವರ ಪೀಠ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಆ ತೀರ್ಪನ್ನು ತಳ್ಳಿಹಾಕಿ, 1976ರ ಅಧಿಸೂಚನೆಯನ್ನೂ ರದ್ದು ಮಾಡಿತು. ಗಣಿ ಮುಚ್ಚಿದ ವರ್ಷವೇ ಈ ಬಾಗಿಲೂ ಮುಚ್ಚಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ, ಸಂಸ್ಥೆಯ ಮುಖ್ಯ ಕೆಲಸಕ್ಕೆ ಸಾಮಾನ್ಯವಾಗಿ ಗುತ್ತಿಗೆ ಕೂಡದು ಅನ್ನುತ್ತೆ. ಆದರೆ ಬ್ಯಾಂಕಿನಂಥ ಸಂಸ್ಥೆಯಲ್ಲಿ ಗುಡಿಸುವುದು, ಕಸ ಎತ್ತುವುದು, ಕಾವಲು ಕಾಯುವುದು ಮುಖ್ಯ ಕೆಲಸವಲ್ಲವಂತೆ! ಒಂದು ವಾರ ಕಕ್ಕಸು ತೊಳೆಯದೆ ಬ್ಯಾಂಕು ನಡೆಸಲಿ ನೋಡೋಣ. ಪೊರಕೆ ಹಿಡಿದವರನ್ನು ಲೆಕ್ಕದಿಂದ ಹೊರಗಿಡುವ ಈ ಬುದ್ಧಿ ಮನುವಿನಷ್ಟು ಹಳೆಯದು.

ಇನ್ನೊಂದು ಸಂಗತಿ ಕೇಳಿ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವನ್ನೂ ಕೆಲಸದ ಅಪಘಾತವೆಂದು ಎಣಿಸಲು 2010ರಲ್ಲಿ ಇಎಸ್‌ಐ ಕಾಯ್ದೆಗೆ ತಿದ್ದುಪಡಿ ಬಂತು. ಬೆಳಗಿನ ಜಾವ ಮೂರರ ಪಾಳಿಗೆ ಹೊರಟು ದಾರಿಯಲ್ಲೇ ಸತ್ತ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನ ಮನೆಯವರಿಗೆ ಪರಿಹಾರ ಸಲ್ಲಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಳ್ಳೆಯದೇ. ಆದರೆ ಸತ್ತರೆ ದಾರಿಯೂ ಕೆಲಸ, ಬದುಕಿ ತಲುಪಿದರೆ ಬರೀ ದಾರಿ. ಇದೆಂಥಾ ನ್ಯಾಯ? ಮೈ ಅದೇ, ಹೊರಟ ಕಾರಣ ಅದೇ.

ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ಬಾಬಾಸಾಹೇಬರು 1946ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ತಿದ್ದುಪಡಿ ತಂದರು. ದುಡಿಯುವವನಿಗೂ ಓದುವ, ಯೋಚಿಸುವ, ಸಂಘ ಕಟ್ಟುವ ಹೊತ್ತು ಬೇಕು. ದಿನದ ಎಂಟು ಗಂಟೆಯ ಹಕ್ಕಿಗೆ ಅರ್ಥ ಬರುವುದು ಉಳಿದ ಹದಿನಾರು ಗಂಟೆ ಅವನ ಕೈಗೆ ಸಿಕ್ಕಾಗ. ಆ ಹದಿನಾರನ್ನು ದಾರಿ ತಿಂದರೆ ಎಂಟು ಗಂಟೆಯ ಕಾನೂನು ಕಾಗದದ ಹುಲಿ.

ಬ್ಯಾಂಕಿನ ಖಾಯಂ ನೌಕರ ಗೆಳೆಯರೇ, ನಿಮ್ಮ ಸಂಘ ಹೋರಾಡಿ ಗಳಿಸಿದ ಹೊತ್ತಿನ ಬಗ್ಗೆ ನಮಗೆ ಅಸೂಯೆಯಿಲ್ಲ. ನಿಮ್ಮ ಟೇಬಲ್ ಒರೆಸುವವರನ್ನೂ ಆ ಸಂಘಕ್ಕೆ ಸೇರಿಸಿಕೊಳ್ಳಿ ಅಂತೀವಿ. ನಿತ್ಯದ ಕೆಲಸಕ್ಕೆ ನೇರ ನೇಮಕಾತಿ ಆಗಬೇಕು. ದಾರಿಯ ಗಂಟೆಗೆ ಕೂಲಿಯಲ್ಲಿ ಪಾಲು ಸಿಗಬೇಕು. ರೈಲಿಗೆ ಹೊಂದುವ ಪಾಳಿ ಇರಬೇಕು. ಇದು ದಯೆಯ ಮಾತಲ್ಲ, ಬಾಕಿಯ ವಸೂಲಿ.

ವಿದ್ಯಾರ್ಥಿಗಳು, ಮೇಷ್ಟ್ರುಗಳು, ಕಾರ್ಯಕರ್ತರು ಕೈಜೋಡಿಸಬೇಕು. ಸಭೆಗೆ ಬರಲು ಇವರಿಗೆ ಹೊತ್ತಿಲ್ಲ ಎಂದು ಕೈಬಿಡುವುದು ಬೇಡ. ಸಾವಿರಾರು ಜನ ದಿನಾ ಒಂದೇ ರೈಲಿನಲ್ಲಿ ಕೂತು, ನಿಂತು ಹೋಗ್ತಾರಲ್ಲ, ನಮ್ಮ ಸಭೆ ಅಲ್ಲೇ ಸೇರಲಿ.